ತಾತ, ಮೊಮ್ಮಗಳು ಮತ್ತು ಲಂಡನ್ ರೈಲು

ನನ್ನ ಮಗಳು ಇರುವ ಊರಿನ ಹೆಸರನ್ನು ಸರಿಯಾಗಿ ಹೇಳಲು ನನಗೆ ಒಂದು ವಾರ ಹಿಡಿಯಿತು. ಬೋರ್ಡಿನ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದರೆ ‘ರೀಡಿಂಗ್’. ಪುಸ್ತಕ ಓದುವುದಕ್ಕೆ ಇಂಗ್ಲಿಷಿನಲ್ಲಿ ಬರೆಯುತ್ತೇವಲ್ಲ, ಅವೇ ಅಕ್ಷರಗಳು. ಆದರೆ ಅಲ್ಲಿಯವರ ಬಾಯಲ್ಲಿ ಅದು ‘ರೆಡಿಂಗ್’. ನಾನು ‘ರೀಡಿಂಗ್’ ಅಂದಾಗಲೆಲ್ಲ ಹತ್ತು ವರ್ಷದ ಮೊಮ್ಮಗಳು ಪುಟ್ಟಿ, “ರೆಡಿಂಗ್ ತಾತ, ರೆಡಿಂಗ್” ಎಂದು ತಿದ್ದುತ್ತಿದ್ದಳು. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ಸಾವಿರಾರು ಜನರ ಹೆಸರು ಬರೆದವನಿಗೆ ಒಂದು ಊರಿನ ಹೆಸರು ಬಾರದೆ ಹೋಯಿತಲ್ಲ ಎಂದು ನಮ್ಮ ಮನೆಯವರಿಗೆ ನಗು.

ಮಕ್ಕಳ ಮನೆಗೆಂದು ವಿದೇಶಕ್ಕೆ ಹೋಗಿಬಂದ ನನ್ನ ವಯಸ್ಸಿನ ಓದುಗರಿಗೆ ಅಲ್ಲಿಯ ದಿನಚರಿ ಗೊತ್ತೇ ಇರುತ್ತದೆ. ಬೆಳಿಗ್ಗೆ ಎಂಟಕ್ಕೆ ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ. ಆಮೇಲೆ ಮನೆ ನಿಶ್ಶಬ್ದ. ಬಿನ್ನಿಪೇಟೆಯಲ್ಲಾದರೆ ಆ ಹೊತ್ತಿಗೆ ನಾನು ಹಾಲು, ಪೇಪರ್ ತಂದು, ನಾಲ್ಕು ಜನ ಪಿಂಚಣಿದಾರರ ಜೊತೆ ಹರಟೆ ಮುಗಿಸಿ, ಒಂದು ಅರ್ಧ ಕಾಫಿಯನ್ನೂ ಕುಡಿದಿರುತ್ತಿದ್ದೆ. ಅಲ್ಲಿ ಎಲ್ಲಿಗೆ ಹೋಗಬೇಕಾದರೂ ಶನಿವಾರ ಬರಬೇಕು, ಅಳಿಯನ ಕಾರು ಹೊರಡಬೇಕು. ಮಕ್ಕಳ ಪ್ರೀತಿಗೆ ಕೊರತೆಯಿಲ್ಲ. ಆದರೂ ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ನಾನೇ ಒಂದು ಪಾರ್ಸೆಲ್ ಆಗಿಬಿಟ್ಟೆನೇನೋ ಅನಿಸತೊಡಗಿತ್ತು. ಯಾರಾದರೂ ಎತ್ತಿ ಒಯ್ಯಬೇಕು, ಯಾರಾದರೂ ತಂದು ಇಳಿಸಬೇಕು.

ಜುಲೈ ಕೊನೆಯಲ್ಲಿ ಪುಟ್ಟಿಗೆ ಬೇಸಿಗೆ ರಜೆ ಬಂತು. ಅವಳೂ ಮನೆಯಲ್ಲಿ, ನಾನೂ ಮನೆಯಲ್ಲಿ. ಒಂದು ದಿನ ಅವಳೇ ಕೇಳಿದಳು.

“ತಾತ, ನಾವಿಬ್ಬರೇ ಟ್ರೈನಲ್ಲಿ ಲಂಡನ್‌ಗೆ ಹೋಗಿ ಬರೋಣ್ವಾ?”

ರಾತ್ರಿ ಊಟದ ಹೊತ್ತಿಗೆ ಮಾತು ಎತ್ತಿದೆ. ಮಗಳು ಚಮಚ ಕೆಳಗಿಟ್ಟಳು.

“ಅಪ್ಪ, ನೀವು ಒಬ್ಬರೇ ಇಲ್ಲಿ ಬಸ್ಸೂ ಹತ್ತಿಲ್ಲ. ಅಲ್ಲಿ ನೆಲದೊಳಗಿನ ಟ್ರೈನು, ಆ ಜನ. ಅದರಲ್ಲೂ ಮಗು ಜೊತೆ! ಬೇಡ ಅಪ್ಪ, ಶನಿವಾರ ಎಲ್ಲರೂ ಹೋಗೋಣ.”

ನಾನು ವಾದ ಮಾಡಲಿಲ್ಲ. ಮಾರನೆಯ ದಿನ ಪುಟ್ಟಿಯ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ಹಾಳೆ ಹರಿದು, ಸ್ಕೇಲಿನಿಂದ ಗೆರೆ ಹಾಕಿ, ಲೆಕ್ಕ ಬರೆಯಲು ಕೂತೆ.

ಮೊದಲು ಬರುವ ರೈಲು, ಆಮೇಲೆ ಹೋಗುವ ರೈಲು

ಒಂದೇ ದಿನದಲ್ಲಿ ಹೋಗಿಬರುವ ಪ್ರಯಾಣಕ್ಕೆ ಮೊದಲು ಬರೆಯಬೇಕಾದದ್ದು ಹಿಂದಿರುಗುವ ರೈಲನ್ನು. ಇದು ನನಗೆ ನಮ್ಮ ತಂದೆ ಕಲಿಸಿದ್ದು. ಅವರು ಬಿನ್ನಿ ಮಿಲ್ಲಿನಲ್ಲಿ ಮಗ್ಗದ ಕೆಲಸಗಾರರು. ಮಕ್ಕಳೇ, ನಮ್ಮ ಬಿನ್ನಿಪೇಟೆಗೆ ಆ ಹೆಸರು ಬಂದದ್ದೇ ಆ ಮಿಲ್ಲಿನಿಂದ. 1884ರಲ್ಲಿ ಶುರುವಾದ ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯನ್ನು ಬಿನ್ನಿ ಕಂಪನಿ ನಡೆಸುತ್ತಿತ್ತು. ಅಲ್ಲಿಯ ಕಂಬಳಿ, ಖಾಕಿ ಬಟ್ಟೆ ಸೈನ್ಯಕ್ಕೂ ಹೋಗುತ್ತಿತ್ತು. ಮಿಲ್ಲಿನ ಸೈರನ್ ಕೂಗಿದರೆ ನಮ್ಮ ಬೀದಿಯ ಗಡಿಯಾರಗಳೆಲ್ಲ ಸರಿಹೋಗುತ್ತಿದ್ದವು. ಈಗ ಆ ಜಾಗದಲ್ಲಿ ಎತ್ತರದ ಅಪಾರ್ಟ್‌ಮೆಂಟ್‌ಗಳಿವೆ.

ನನಗೆ ಒಂಬತ್ತು ವರ್ಷ ಇದ್ದಾಗ ತಂದೆ ಒಂದು ರಜೆಯ ದಿನ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋದರು. ಬೆಳಿಗ್ಗೆ ಹೋಗಿ ರಾತ್ರಿ ಬರುವುದು. ಮನೆಯಿಂದ ಸಿಟಿ ಸ್ಟೇಷನ್ನಿಗೆ ನಡೆದೇ ಹೋದೆವು. ಮೀಟರ್ ಗೇಜ್ ರೈಲು, ಕಲ್ಲಿದ್ದಲ ಎಂಜಿನ್ನು. ಕಿಟಕಿಯಲ್ಲಿ ತಲೆ ಹಾಕಿದರೆ ಕಣ್ಣಿಗೆ ಮಸಿ. ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ ದಾಟಿ ಮದ್ದೂರು ಬಂದರೆ ವಡೆ. ಮೈಸೂರಿನ ಮೃಗಾಲಯದಲ್ಲಿ ಆನೆ ನೋಡುತ್ತ ನಿಂತವನು ತಿರುಗಿ ನೋಡಿದರೆ ತಂದೆ ಇಲ್ಲ! ನಾನು ಅವರನ್ನು ಹುಡುಕಿಕೊಂಡು ಹುಲಿಯ ಕಡೆ ಓಡಿದೆ. ಅವರು ನನ್ನನ್ನು ಹುಡುಕಿಕೊಂಡು ಜಿರಾಫೆಯ ಕಡೆ ಓಡಿದರು. ಅವರು ಆನೆಯ ಹತ್ತಿರ ವಾಪಸ್ ಬಂದಾಗ ನಾನು ಜಿರಾಫೆಯ ಹತ್ತಿರ. ಹೀಗೇ ಒಂದು ಗಂಟೆ ಇಬ್ಬರೂ ಸುತ್ತಿದೆವು. ಕೊನೆಗೆ ಹೊರಬಾಗಿಲಲ್ಲಿ ಸಿಕ್ಕಿದೆವು. ತಂದೆ ಹೊಡೆಯಲಿಲ್ಲ. ಅವರ ಅಂಗಿ ಬೆವರಿನಿಂದ ತೊಯ್ದುಹೋಗಿತ್ತು. ವಾಪಸ್ ರೈಲಿನಲ್ಲಿ ಶ್ರೀರಂಗಪಟ್ಟಣ ದಾಟಿದ ಮೇಲೆ ಒಂದೇ ಮಾತು ಹೇಳಿದರು.

“ಕೈ ತಪ್ಪಿದರೆ ಹುಡುಕಬೇಡ. ನಿಂತಿರು. ಹುಡುಕೋದು ದೊಡ್ಡವರ ಕೆಲಸ, ನಿಲ್ಲೋದು ಚಿಕ್ಕವರ ಕೆಲಸ.”

ಆ ಮಾತನ್ನು ಪುಟ್ಟಿಗೆ ಹೇಳಿದೆ. ಲಂಡನ್ನಿನ ನೆಲದೊಳಗಿನ ರೈಲಿಗೆ ತಕ್ಕ ಹಾಗೆ ಇನ್ನೆರಡು ಸೇರಿಸಿ, ಮೂರು ಕಟ್ಟಳೆ ಮಾಡಿದೆವು. ಒಂದು, ಕೈ ತಪ್ಪಿದರೆ ನಿಂತಲ್ಲೇ ನಿಲ್ಲುವುದು. ಎರಡು, ಒಬ್ಬರು ರೈಲಿನೊಳಗೆ, ಒಬ್ಬರು ಪ್ಲಾಟ್‌ಫಾರಂ ಮೇಲೆ ಉಳಿದುಬಿಟ್ಟರೆ, ಒಳಗಿರುವವರು ಮುಂದಿನ ನಿಲ್ದಾಣದಲ್ಲಿ ಇಳಿದು ನಿಲ್ಲುವುದು. ಹೊರಗಿರುವವರು ಮುಂದಿನ ರೈಲಿನಲ್ಲಿ ಅಲ್ಲಿಗೇ ಬರುವುದು. ಮೂರು, ಸಹಾಯ ಬೇಕಾದರೆ ಸಮವಸ್ತ್ರದಲ್ಲಿರುವ ರೈಲ್ವೆ ಸಿಬ್ಬಂದಿಯನ್ನೇ ಕೇಳುವುದು. ಪುಟ್ಟಿ ಕನ್ನಡ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾಳೆ, ಆದರೆ ಉತ್ತರ ಕೊಡುವುದು ಇಂಗ್ಲಿಷಿನಲ್ಲೇ ಹೆಚ್ಚು. ಈ ಮೂರನ್ನು ಮಾತ್ರ ಕನ್ನಡದಲ್ಲೇ ಬಾಯಿಪಾಠ ಮಾಡಿಸಿದೆ.

ಹಾಳೆಯ ಮೇಲೆ ರೈಲು, ಬದಲಿಸುವ ನಿಲ್ದಾಣ, ಊಟದ ಜಾಗ, ಶೌಚಾಲಯ, ಹಿಂದಿರುಗುವ ಹೊತ್ತು ಎಲ್ಲ ಬರೆದು ಮಗಳ ಮುಂದೆ ಇಟ್ಟೆ. ಅವಳು ಎರಡು ಸಲ ಓದಿದಳು. “ಸರಿ ಅಪ್ಪ” ಎಂದಳು. ಆದರೆ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಮನೆಯ ವಿಳಾಸ, ತನ್ನ ಫೋನ್ ನಂಬರ್ ಬರೆದ ಎರಡು ಚೀಟಿ ಕೊಟ್ಟಳು. ಒಂದು ಪುಟ್ಟಿಯ ಜೇಬಿಗೆ, ಇನ್ನೊಂದು ನನ್ನ ಜೇಬಿಗೆ!

ಒಂಬತ್ತೂವರೆ ಮೇಲೆ ಹೊರಡುವ ಲಾಭ

ಮಂಗಳವಾರ ಹೊರಟೆವು. ನಮ್ಮ ಮನೆಯವರು ಮೊಣಕಾಲು ನೋವೆಂದು ಬರಲಿಲ್ಲ. ಚಿತ್ರಾನ್ನ, ಮೊಸರನ್ನ, ನಾಲ್ಕು ಕೋಡುಬಳೆ ಕಟ್ಟಿಕೊಟ್ಟರು. ಆಗಸ್ಟ್ ಆದರೂ ಕೊಡೆ ಕಡ್ಡಾಯ.

ಅಲ್ಲಿಯ ರೈಲಿನ ಟಿಕೆಟ್ ದರ ಹೊತ್ತಿನ ಮೇಲೆ ನಿಂತಿದೆ. ವಾರದ ದಿನಗಳಲ್ಲಿ ಬೆಳಿಗ್ಗೆ ಎಲ್ಲರೂ ಆಫೀಸಿಗೆ ಹೋಗುವ ಗಡಿಬಿಡಿಯ ಸಮಯದಲ್ಲಿ ದುಬಾರಿ. ಆ ಗಡಿಬಿಡಿ ಕಳೆದ ಮೇಲೆ ಅಗ್ಗ. 60 ವರ್ಷ ದಾಟಿದವರು ಸೀನಿಯರ್ ರೈಲ್‌ಕಾರ್ಡ್ ಎಂಬುದನ್ನು ಕೊಂಡರೆ ದರದಲ್ಲಿ ಮೂರನೇ ಒಂದು ಭಾಗ ಕಡಿತ. ವಯಸ್ಸಿಗೆ ನಮ್ಮ ಪಾಸ್‌ಪೋರ್ಟೇ ಸಾಕ್ಷಿ. 5ರಿಂದ 15 ವರ್ಷದ ಮಕ್ಕಳಿಗೆ ಅರ್ಧ ಟಿಕೆಟ್. ಐದಕ್ಕಿಂತ ಚಿಕ್ಕವರಿಗೆ ಟಿಕೆಟ್ಟೇ ಬೇಡ. ಕೆಲಸಕ್ಕೆ ಹೋಗುವವರಿಗೆ ಸಿಗದ ಅಗ್ಗದ ದರ ಕೆಲಸವಿಲ್ಲದ ನಮಗೆ ಸಿಗುತ್ತದೆ. ನಿವೃತ್ತಿಗೂ ಒಂದು ಬಡ್ಡಿ ಇದೆ ಎಂದು ಆ ದಿನ ಗೊತ್ತಾಯಿತು.

ರೆಡಿಂಗ್‌ನಿಂದ ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣಕ್ಕೆ ಸುಮಾರು 58 ಕಿಲೋಮೀಟರ್. ನಮ್ಮಲ್ಲಿ ಬೆಂಗಳೂರಿನಿಂದ ಚನ್ನಪಟ್ಟಣ ಅಂದುಕೊಳ್ಳಿ. ವೇಗದ ರೈಲಿಗೆ ಅರ್ಧ ಗಂಟೆ ಸಾಕು. ಕೋಡುಬಳೆ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಅರ್ಧ ದಾರಿ ಮುಗಿದಿರುತ್ತದೆ.

ಈ ದಾರಿಯನ್ನು ಮೊದಲು ರೂಪಿಸಿದ ಎಂಜಿನಿಯರ್ ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್. ಲಂಡನ್ನಿನಿಂದ ಬ್ರಿಸ್ಟಲ್‌ವರೆಗೆ 1841ರಲ್ಲಿ ಪೂರ್ಣಗೊಂಡ ಮಾರ್ಗ ಇದು. ನಡುವೆ ಮೇಡನ್‌ಹೆಡ್ ಎಂಬಲ್ಲಿ ಥೇಮ್ಸ್ ನದಿಗೆ ಇಟ್ಟಿಗೆಯ ಸೇತುವೆ ಕಟ್ಟಿದ. ಎರಡೇ ದೊಡ್ಡ ಕಮಾನು, ಒಂದೊಂದೂ ಸುಮಾರು 39 ಮೀಟರ್ ಅಗಲ, ನೋಡಲು ತುಂಬ ಚಪ್ಪಟೆ. ಇದು ಬಿದ್ದೇ ಬೀಳುತ್ತದೆ ಎಂದು ಆಗ ಹಲವರು ಹೇಳಿದರು. ಇಂದಿಗೂ ಅದರ ಮೇಲೆ ವೇಗದ ರೈಲುಗಳು ಓಡುತ್ತಿವೆ. ಸೇತುವೆಯ ಮೇಲೇ ಹೋಗುವವರಿಗೆ ಸೇತುವೆ ಕಾಣುವುದಿಲ್ಲ ಎಂಬುದೊಂದೇ ಕೊರತೆ. ಕೆಳಗೆ ಹೊಳೆ, ಒಂದೆರಡು ದೋಣಿ ಕಂಡವು, ಅಷ್ಟೆ.

ಮಕ್ಕಳೇ, ಬ್ರೂನೆಲ್‌ನ ಹಳಿಗಳ ನಡುವಿನ ಅಂತರ ಏಳು ಅಡಿಗಿಂತ ಒಂದು ಎಳೆ ಹೆಚ್ಚು. ಬೇರೆ ಕಂಪನಿಗಳ ಹಳಿ ಅದಕ್ಕಿಂತ ಕಿರಿದು, 1435 ಮಿಲಿಮೀಟರ್. ಒಂದು ಹಳಿಯ ರೈಲು ಇನ್ನೊಂದರ ಮೇಲೆ ಓಡದೆ, ಜನರೂ ಸಾಮಾನೂ ನಡುದಾರಿಯಲ್ಲಿ ಇಳಿದು ಹತ್ತಬೇಕಾಗಿತ್ತು. ಕೊನೆಗೆ 1892ರಲ್ಲಿ ಬ್ರೂನೆಲ್‌ನ ಅಗಲ ಹಳಿಯನ್ನು ಕೈಬಿಟ್ಟರು. ನಮ್ಮ ಬೆಂಗಳೂರು–ಮೈಸೂರು ಹಳಿಯ ಕಥೆ ತಿರುಗುಮುರುಗು. ಅದು ಮೊದಲು ಒಂದು ಮೀಟರ್ ಅಗಲವಿತ್ತು. 1990ರ ದಶಕದಲ್ಲಿ ಅದನ್ನು 1676 ಮಿಲಿಮೀಟರಿನ ಬ್ರಾಡ್ ಗೇಜ್ ಮಾಡಿದರು. ಕಾರಣ ಮಾತ್ರ ಎರಡು ಕಡೆಯೂ ಒಂದೇ. ಎಲ್ಲರ ಹಳಿಯೂ ಒಂದೇ ಅಳತೆ ಆದರೆ ಎಲ್ಲರೂ ಎಲ್ಲಿಗಾದರೂ ಹೋಗಬಹುದು.

ಕೊರಳಲ್ಲಿ ಚೀಟಿ ಕಟ್ಟಿಕೊಂಡ ಕರಡಿ

ಪ್ಯಾಡಿಂಗ್ಟನ್ ನಿಲ್ದಾಣವೂ ಬ್ರೂನೆಲ್‌ನದೇ, 1854ರದು. ಮೇಲೆ ಕಬ್ಬಿಣ, ಗಾಜಿನ ಕಮಾನು ಚಾವಣಿ. ಒಂದನೇ ಪ್ಲಾಟ್‌ಫಾರಂನಲ್ಲಿ ಒಂದು ಕರಡಿಯ ಕಂಚಿನ ಪ್ರತಿಮೆ. ಮೈಕಲ್ ಬಾಂಡ್ ಬರೆದ ಮಕ್ಕಳ ಕಥೆಯ ಕರಡಿ ಅದು. ಮೊದಲ ಪುಸ್ತಕ ಬಂದದ್ದು 1958ರಲ್ಲಿ. ಪೆರು ದೇಶದಿಂದ ಒಂಟಿಯಾಗಿ ಬಂದ ಆ ಕರಡಿ ಮರಿ ಇದೇ ನಿಲ್ದಾಣದಲ್ಲಿ ಪೆಟ್ಟಿಗೆಯ ಮೇಲೆ ಕುಳಿತಿರುತ್ತದೆ. ‘ಇದನ್ನು ಯಾರಾದರೂ ನೋಡಿಕೊಳ್ಳಿ’ ಎಂಬ ಅರ್ಥದ ಚೀಟಿ ಅದರ ಕೊರಳಲ್ಲಿ. ಒಂದು ಕುಟುಂಬ ಅದನ್ನು ಮನೆಗೆ ಕರೆದೊಯ್ಯುತ್ತದೆ.

ಪುಟ್ಟಿ ಕರಡಿಯನ್ನೂ ನನ್ನನ್ನೂ ನೋಡಿ, “ತಾತ, ನಿಮ್ಮ ಚೀಟಿ ಎಲ್ಲಿ?” ಎಂದಳು. ನಾನು ಜೇಬು ಮುಟ್ಟಿ ನೋಡಿಕೊಂಡೆ. ಇತ್ತು.

ಅಲ್ಲಿಂದ ನೆಲದೊಳಗಿನ ರೈಲು. ಬ್ಯಾಂಕ್ ಕಾರ್ಡನ್ನೇ ಗೇಟಿಗೆ ಮುಟ್ಟಿಸಿ ಒಳಗೆ ಹೋಗಬಹುದು. ಹೊರಬರುವಾಗಲೂ ಅದೇ ಕಾರ್ಡನ್ನೇ ಮುಟ್ಟಿಸಬೇಕು, ಬೇರೆಯದಾದರೆ ಲೆಕ್ಕ ಕೆಡುತ್ತದೆ. ದೊಡ್ಡವರ ಜೊತೆ ಇದ್ದರೆ 11 ವರ್ಷ ತುಂಬದ ಮಕ್ಕಳಿಗೆ ಅಲ್ಲಿ ಉಚಿತ.

ಪ್ರಪಂಚದ ಮೊತ್ತಮೊದಲ ನೆಲದೊಳಗಿನ ರೈಲು ಓಡಿದ್ದು ಇದೇ ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್‌ಡನ್‌ಗೆ, 1863ರ ಜನವರಿ 10ರಂದು. ಅದೂ ಹೊಗೆ ಉಗುಳುವ ಉಗಿ ಎಂಜಿನ್ನಿನಿಂದ! ನಮ್ಮ ಬೆಂಗಳೂರು ನೆಲದ ಮೇಲಿನ ರೈಲನ್ನೇ ಕಂಡದ್ದು ಅದರ ಮರುವರ್ಷ. ಜೋಲಾರ್‌ಪೇಟೆಯಿಂದ ಕಂಟೋನ್ಮೆಂಟ್‌ಗೆ ಮಾರ್ಗ ಬಂದದ್ದು 1864ರಲ್ಲಿ. ನಮ್ಮ ಮೆಟ್ರೊ ಓಡಲು 2011ರ ಅಕ್ಟೋಬರ್ ಬರಬೇಕಾಯಿತು.

ನಾವು ಹತ್ತಿದ್ದು ಬೇಕರ್‌ಲೂ ಎಂಬ ಕಂದುಬಣ್ಣದ ಮಾರ್ಗ. ಬೇಕರ್ ಸ್ಟ್ರೀಟ್ ಮತ್ತು ವಾಟರ್‌ಲೂ ಎಂಬ ಎರಡು ನಿಲ್ದಾಣಗಳ ಹೆಸರು ಜೋಡಿಸಿ ಬೇಕರ್‌ಲೂ. ಮೆಜೆಸ್ಟಿಕ್ ಮತ್ತು ಮಾಗಡಿ ರಸ್ತೆ ಸೇರಿಸಿ ‘ಮೆಜಮಾಗಡಿ’ ಅಂದ ಹಾಗೆ. ಪುಟ್ಟಿಗೆ ಆ ಹೆಸರು ಎಷ್ಟು ಹಿಡಿಸಿತೆಂದರೆ ದಾರಿಯುದ್ದಕ್ಕೂ ಅದನ್ನೇ ಹೇಳುತ್ತಿದ್ದಳು.

ಥೇಮ್ಸ್ ದಡದಲ್ಲಿ ನಮ್ಮ ಬಸವಣ್ಣ

ಲ್ಯಾಂಬೆತ್ ನಾರ್ತ್ ನಿಲ್ದಾಣದಲ್ಲಿ ಇಳಿದು, ಲ್ಯಾಂಬೆತ್ ರಸ್ತೆ ಹಿಡಿದು ಕಾಲು ಗಂಟೆ ನಡೆದೆವು. ದಾರಿಯಲ್ಲಿ ಯುದ್ಧ ವಸ್ತುಸಂಗ್ರಹಾಲಯ. ಅದರ ಮುಂದೆ ಹಡಗಿನ ಎರಡು ದೈತ್ಯ ಫಿರಂಗಿಗಳು. ಪುಟ್ಟಿ ಅವುಗಳ ಕೆಳಗೆ ನಿಂತು ಫೋಟೊ ತೆಗೆಸಿಕೊಂಡಳು. ರಸ್ತೆ ಥೇಮ್ಸ್ ದಡ ಸೇರಿದಲ್ಲಿ ಲ್ಯಾಂಬೆತ್ ಸೇತುವೆ. ಅಲ್ಲಿ ಎಡಕ್ಕೆ ತಿರುಗಿದರೆ ಹೊಳೆಯ ದಂಡೆಯ ಮೇಲೆ ಪೀಠದ ಮೇಲೊಂದು ಪ್ರತಿಮೆ. ಅದೇ ನಮ್ಮ ಬಸವೇಶ್ವರರದು.

ಕಲಬುರಗಿ ಕಡೆಯಿಂದ ಹೋಗಿ ಅಲ್ಲಿ ವೈದ್ಯರಾಗಿ, ಲ್ಯಾಂಬೆತ್‌ನ ಮೇಯರ್ ಕೂಡ ಆಗಿದ್ದ ನೀರಜ್ ಪಾಟೀಲರು ಈ ಪ್ರತಿಮೆಗಾಗಿ ಶ್ರಮಿಸಿದರು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಹೊಳೆಯ ಆಚೆ, ಸ್ವಲ್ಪ ಬಲಕ್ಕೆ, ಬ್ರಿಟನ್ನಿನ ಸಂಸತ್ತು.

ಪುಟ್ಟಿ ಬೆರಗಾಗಿ ಕೇಳಿದಳು. “ಬಸವಣ್ಣ ಅಂದ್ರೆ ಬುಲ್ ಅಲ್ವಾ ತಾತ? ಅಲ್ಲಿ ಬೆಣ್ಣೆ ಹಚ್ಚಿರ್ತಾರಲ್ಲ?”

ಹಿಂದಿನ ಸಲ ಬೆಂಗಳೂರಿಗೆ ಬಂದಾಗ ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನನ್ನು ತೋರಿಸಿದ್ದೆವು. ಅದು ಶಿವನ ನಂದಿ, ಇವರು 12ನೇ ಶತಮಾನದಲ್ಲಿ ನಮ್ಮ ನಾಡಿನ ಕಲ್ಯಾಣದಲ್ಲಿ ಬಾಳಿದ ಮನುಷ್ಯ ಎಂದು ವಿವರಿಸಿದೆ. ಬಿಜ್ಜಳ ರಾಜನ ಬಳಿ ಮೊದಲು ಕರಣಿಕರಾಗಿದ್ದು, ಆಮೇಲೆ ಭಂಡಾರಿ ಆದರು ಎಂದು ಹೇಳುತ್ತಾರೆ.

“ಕರಣಿಕ ಅಂದ್ರೆ?”

“ಲೆಕ್ಕ ಬರೆಯೋರು. ನನ್ನ ಹಾಗೆ ಕ್ಲರ್ಕು.”

ಅವಳು ಒಮ್ಮೆ ಪ್ರತಿಮೆಯನ್ನು, ಒಮ್ಮೆ ನನ್ನನ್ನು ನೋಡಿದಳು. ನಾನು ಸ್ವಲ್ಪ ನೆಟ್ಟಗೆ ನಿಂತೆ. ರಾಜ್ಯದ ಬೊಕ್ಕಸದ ಲೆಕ್ಕ ನೋಡುತ್ತಿದ್ದವರು ಅನುಭವ ಮಂಟಪದಲ್ಲಿ ಚಮ್ಮಾರರು, ಅಗಸರು, ಅಂಬಿಗರು, ಹೆಂಗಸರು, ಗಂಡಸರು ಎಲ್ಲರ ಜೊತೆ ಸಮವಾಗಿ ಕೂತು ಮಾತಾಡಿದರು. ಎಲ್ಲರಿಗೂ ತಿಳಿಯುವ ಕನ್ನಡದಲ್ಲೇ ವಚನ ಬರೆದರು. ಆಚೆ ದಡದ ಸಂಸತ್ತನ್ನು ತೋರಿಸಿ, ಅಲ್ಲಿ ಕೂತು ಮಾತಾಡುವವರ ಕೆಲಸವೂ ಅದೇ ಎಂದೆ. ಪಕ್ಕದ ಬೆಂಚಿನ ಮೇಲೆ ಚಿತ್ರಾನ್ನ ಬಿಚ್ಚಿದೆವು. ಹನ್ನೆರಡಕ್ಕೆ ಬಿಗ್ ಬೆನ್ ಗಂಟೆ ಕೇಳಿಸಿತು. ಬಿಗ್ ಬೆನ್ ಎಂಬುದು ಗಂಟೆಯ ಹೆಸರು, ಗೋಪುರಕ್ಕೆ ಈಗ ಎಲಿಜಬೆತ್ ಗೋಪುರವೆಂದು ಹೆಸರು. ನನಗೆ ನೆನಪಾದದ್ದು ಮಿಲ್ಲಿನ ಸೈರನ್ನು. ಕೈ ತಾನಾಗಿ ವಾಚಿನ ಕಡೆ ಹೋಯಿತು.

ಊಟ ಮುಗಿಸಿ ಹೊಳೆಯ ದಂಡೆಯಲ್ಲೇ ವಾಟರ್‌ಲೂ ಕಡೆ ನಡೆದೆವು. ಸಂಸತ್ತಿನ ಎದುರಿಗೆ, ಸೇಂಟ್ ಥಾಮಸ್ ಆಸ್ಪತ್ರೆಯ ಉದ್ದನೆಯ ಗೋಡೆಯ ಮೇಲೆ ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೂ ಕೆಂಪು ಹೃದಯಗಳನ್ನು ಬರೆದಿದ್ದಾರೆ. ಕೊರೊನಾದಲ್ಲಿ ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು. 2021ರ ಮಾರ್ಚ್‌ನಲ್ಲಿ ಬರೆಯಲು ಶುರು ಮಾಡಿದರಂತೆ. ಕೆಲವದರೊಳಗೆ ಮನೆಯವರು ಹೆಸರು ಬರೆದಿದ್ದರು. ಆ ವರ್ಷ ನನ್ನ ಜೊತೆ ಕೌಂಟರಿನಲ್ಲಿ ಕೂತು ಕೆಲಸ ಮಾಡಿದ್ದ ಇಬ್ಬರು ಗೆಳೆಯರು ಬೆಂಗಳೂರಿನಲ್ಲಿ ಹೋಗಿಬಿಟ್ಟಿದ್ದರು. ಅಂತ್ಯಕ್ರಿಯೆಗೂ ಹೋಗಲಾಗಿರಲಿಲ್ಲ. ಪುಟ್ಟಿ ಏನೂ ಕೇಳದೆ ನನ್ನ ಕೈ ಹಿಡಿದು ನಡೆದಳು.

ಹದಿಮೂರು ಕಿಲೊ ಚಿನ್ನ

ವಾಟರ್‌ಲೂನಿಂದ ಬ್ಯಾಂಕ್ ಎಂಬ ನಿಲ್ದಾಣಕ್ಕೆ ಒಂದು ಪುಟ್ಟ ಮಾರ್ಗವಿದೆ. 1898ರದು. ಇಡೀ ಮಾರ್ಗಕ್ಕೆ ಎರಡೇ ನಿಲ್ದಾಣ, ಒಂದು ಈ ತುದಿ, ಒಂದು ಆ ತುದಿ. ತಪ್ಪಿಸಿಕೊಳ್ಳಬೇಕೆಂದರೂ ಆಗದು. ನಿಲ್ದಾಣದ ಹೆಸರೇ ಬ್ಯಾಂಕ್ ಎಂದಮೇಲೆ ನಾನು ಹೋಗದೆ ಇರುವುದುಂಟೆ!

1694ರಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಇಂಗ್ಲೆಂಡ್‌ನ ವಸ್ತುಸಂಗ್ರಹಾಲಯ ಅಲ್ಲಿದೆ. ಪ್ರವೇಶ ಉಚಿತ. ಶನಿವಾರ, ಭಾನುವಾರ ರಜೆ. ಅಲ್ಲೊಂದು ಗಾಜಿನ ಪೆಟ್ಟಿಗೆ, ಒಳಗೆ ನಿಜವಾದ ಚಿನ್ನದ ಗಟ್ಟಿ, ಸುಮಾರು 13 ಕಿಲೊ. ತೂತಿನಲ್ಲಿ ಕೈ ತೂರಿಸಿ ಎತ್ತಿ ನೋಡಬಹುದು. ಇಟ್ಟಿಗೆಗಿಂತ ಚಿಕ್ಕದು, ಆದರೆ ಅರ್ಧ ಮೂಟೆ ಅಕ್ಕಿಯ ಭಾರ. ಪುಟ್ಟಿ ಒಂದು ಅಂಗುಲವೂ ಎತ್ತಲಾರದೆ ನಕ್ಕಳು. ನಾನು ಚಿಲ್ಲರೆ ನಾಣ್ಯದ ಚೀಲ ಹೊತ್ತು ಪಳಗಿದವನು. ಎತ್ತಿದೆ. ಕೂಡಲೇ ಇಟ್ಟೆ. ಮುಟ್ಟಿದ ಚಿನ್ನ ನಮ್ಮದಲ್ಲ ಎಂಬುದು ಮೂವತ್ತೇಳು ವರ್ಷದ ಅಭ್ಯಾಸ.

ಆ ಎರಡು ನಿಮಿಷ

ಸಂಜೆಯ ನೂಕುನುಗ್ಗಲಿಗೆ ಮೊದಲೇ ರೈಲು ಹಿಡಿಯಬೇಕೆಂದು ಎರಡೂವರೆಗೆ ಹೊರಟೆವು. ಪ್ಯಾಡಿಂಗ್ಟನ್‌ಗೆ ಮರಳಲು ನಡುವೆ ಒಂದು ಕಡೆ ನೆಲದೊಳಗೇ ರೈಲು ಬದಲಿಸಬೇಕು. ಅಲ್ಲಿ ಜನವೋ ಜನ. ಪ್ಲಾಟ್‌ಫಾರಂಗೆ ಬಂದೊಡನೆ ರೈಲು ನಿಂತಿತು. ನಾನು ಗೋಡೆಯ ನಕ್ಷೆಯ ಕಡೆ ತಿರುಗಿದೆ. ಎರಡು ಸಲ ನೋಡದೆ ಸಹಿ ಹಾಕಬಾರದು ಎಂಬ ಹಳೆಯ ಚಾಳಿ. ಪುಟ್ಟಿ, “ಇದೇ ತಾತ, ಬೇಕರ್‌ಲೂ!” ಎನ್ನುತ್ತ ಒಳಗೆ ಹೆಜ್ಜೆ ಇಟ್ಟಳು. ನಾನು ತಿರುಗುವಷ್ಟರಲ್ಲಿ ಪೀ ಪೀ ಸದ್ದು, ಬಾಗಿಲು ಮುಚ್ಚಿತು.

ಗಾಜಿನಾಚೆ ಅವಳ ಮುಖ. ನನ್ನ ಕೈ ಬಾಗಿಲಿನ ಹೊರಗೆ. ರೈಲು ಹೊರಟಿತು.

ತಪ್ಪು ಯಾರದೂ ಅಲ್ಲ, ನನ್ನದು. ಕೈ ಬಿಟ್ಟವನು ನಾನು. ಬೋರ್ಡಿನಲ್ಲಿ ಮುಂದಿನ ರೈಲು 2 ನಿಮಿಷ ಎಂದು ತೋರಿಸುತ್ತಿತ್ತು. ಮೈಸೂರಿನ ಮೃಗಾಲಯದಲ್ಲಿ ತಂದೆಯ ಅಂಗಿ ಯಾಕೆ ಹಾಗೆ ತೊಯ್ದಿತ್ತು ಎಂದು ನನಗೆ ಅರವತ್ತೈದು ವರ್ಷದ ಮೇಲೆ ತಿಳಿಯಿತು. ಫೋನ್ ತೆಗೆದೆ, ಮಾಡುವುದು ಯಾರಿಗೆ? ಪುಟ್ಟಿಯ ಹತ್ತಿರ ಫೋನಿಲ್ಲ. ಮಗಳಿಗೆ ಮಾಡಿ ಏನೆಂದು ಹೇಳಲಿ? ಮೇಲಕ್ಕೆ ಓಡಲೇ, ಯಾರನ್ನಾದರೂ ಕರೆಯಲೇ ಎಂದು ಕಾಲು ಎಳೆಯುತ್ತಿತ್ತು. ಆದರೆ ಅವಳು ಕಟ್ಟಳೆಯ ಪ್ರಕಾರ ನಿಂತಿದ್ದರೆ, ನಾನೂ ಕಟ್ಟಳೆಯ ಪ್ರಕಾರವೇ ಹೋಗಬೇಕು. ಇಬ್ಬರಲ್ಲಿ ಒಬ್ಬರು ಲೆಕ್ಕ ತಪ್ಪಿದರೂ ಮತ್ತೆ ಆನೆ, ಜಿರಾಫೆಯ ಕಥೆಯೇ.

ರೈಲು ಬಂತು, ಹತ್ತಿದೆ. ಮುಂದಿನ ನಿಲ್ದಾಣ ಬರುವವರೆಗೆ ಬಾಗಿಲಿಗೇ ಅಂಟಿಕೊಂಡು ನಿಂತಿದ್ದೆ. ಬಾಗಿಲು ತೆರೆಯಿತು. ಆಚೆಗೊಮ್ಮೆ ಈಚೆಗೊಮ್ಮೆ ನೋಡಿದೆ. ಗೋಡೆಗೆ ಬೆನ್ನು ಒತ್ತಿ, ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸಮವಸ್ತ್ರದ ಒಬ್ಬ ಹೆಂಗಸಿನ ಪಕ್ಕದಲ್ಲಿ ನಿಂತಿದ್ದಳು ಪುಟ್ಟಿ. ಅಳುತ್ತಿರಲಿಲ್ಲ. ನನ್ನನ್ನು ಕಂಡಮೇಲೆ ಅತ್ತಳು.

“ಹುಡುಕೋದು ದೊಡ್ಡವರ ಕೆಲಸ, ನಿಲ್ಲೋದು ಚಿಕ್ಕವರ ಕೆಲಸ ಅಂದಿದ್ರಲ್ಲ ತಾತ. ನಾನು ನಿಂತೇ ಇದ್ದೆ.”

ಇಷ್ಟನ್ನೂ ಕನ್ನಡದಲ್ಲೇ ಹೇಳಿದಳು. ಆ ತಾಯಿ ಏನೂ ಅರ್ಥವಾಗದಿದ್ದರೂ ನಗುತ್ತ ನನ್ನ ಭುಜ ತಟ್ಟಿ ಕಳಿಸಿದರು.

ಸಂಜೆಯ ಲೆಕ್ಕ

ಊರಿಗೆ ಮರಳುವ ರೈಲಿನಲ್ಲಿ ಪುಟ್ಟಿ ಮೆಲ್ಲಗೆ ಕೇಳಿದಳು. “ಅಮ್ಮನಿಗೆ ಹೇಳ್ಬೇಕಾ ತಾತ? ಹೇಳಿದ್ರೆ ಇನ್ಮೇಲೆ ಬಿಡಲ್ಲ.”

ನನಗೂ ಅದೇ ಭಯ ಇತ್ತು. ಇಲ್ಲವೆಂದರೆ ಸುಳ್ಳಾದೀತು. ಅವಳಿಗೆ ನನ್ನ ಬ್ಯಾಂಕಿನ ಒಂದು ನಿಯಮ ಹೇಳಿದೆ. ಕ್ಯಾಷ್ ಕೌಂಟರಿನಲ್ಲಿ ಸಂಜೆ ದುಡ್ಡು ಎಣಿಸಿದಾಗ ಹತ್ತು ರೂಪಾಯಿ ಕಡಿಮೆ ಬಂದರೂ ಆ ದಿನವೇ ಪುಸ್ತಕದಲ್ಲಿ ತೋರಿಸಬೇಕು. ಇವತ್ತು ಮುಚ್ಚಿಟ್ಟ ಹತ್ತು ರೂಪಾಯಿ ನಾಳೆ ನಮ್ಮ ಮೇಲಿನ ನಂಬಿಕೆಯನ್ನೇ ತಿನ್ನುತ್ತದೆ. ಅವಳು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, “ಸರಿ, ನಾನೇ ಹೇಳ್ತೀನಿ” ಎಂದಳು. ಇಬ್ಬರೂ ಸೇರಿ ಹೇಳಿದೆವು.

ಮಗಳ ಮುಖ ಬಿಳಿಚಿಕೊಂಡಿತು. “ಅದಕ್ಕೇ ಅಪ್ಪ ನಾನು ಬೇಡ ಅಂದಿದ್ದು!” ಎಂದಳು. ನಾನು ಸಮರ್ಥಿಸಿಕೊಳ್ಳಲಿಲ್ಲ, ಕೈ ಬಿಟ್ಟದ್ದು ನಾನೇ ಎಂದೆ. ಅವಳು ಎದ್ದು ಅಡುಗೆಮನೆಗೆ ಹೋದಳು. ಬಹಳ ಹೊತ್ತು ಪಾತ್ರೆ ತೊಳೆಯುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಕೈ ಒರೆಸಿಕೊಂಡು ಬಂದು ಪುಟ್ಟಿಯ ಪಕ್ಕ ಕೂತು, “ನೀನು ಏನು ಮಾಡಿದೆ, ಇನ್ನೊಂದು ಸಲ ಹೇಳು” ಎಂದಳು. ಪುಟ್ಟಿ ಮೂರು ಕಟ್ಟಳೆಯನ್ನೂ ಒಪ್ಪಿಸಿದಳು.

ಮಗಳು ನನ್ನ ಕಡೆ ತಿರುಗಿದಳು. “ಕಡಲೆಕಾಯಿ ಪರಿಷೆಗೆ ಹೋದಾಗ ನಂಗೂ ಇದನ್ನೇ ಹೇಳ್ತಿದ್ರಿ ಅಲ್ವಾ? ಕೈ ತಪ್ಪಿದ್ರೆ ಅಲ್ಲೇ ನಿಂತ್ಕೋ ಅಂತ. ನಾನು ಇವಳಿಗೆ ಹೇಳೋದೇ ಮರೆತಿದ್ದೆ.”

ಅಷ್ಟು ಹೇಳಿ ನನ್ನ ಗೆರೆ ಹಾಕಿದ ಹಾಳೆಯನ್ನು ತೆಗೆದುಕೊಂಡಳು. ಕೆಳಗೆ ತನ್ನ ಕೈಯಲ್ಲೇ ನಾಲ್ಕನೆಯ ಕಟ್ಟಳೆ ಬರೆದಳು: ‘ಮೊದಲು ಕೈ ಹಿಡಿಯುವುದು, ಆಮೇಲೆ ನಕ್ಷೆ ನೋಡುವುದು.’ ಅದು ನನಗೆ.

ಮುಂದಿನ ವಾರ ನಾವು ಆಕ್ಸ್‌ಫರ್ಡ್‌ಗೆ ಹೋಗಿಬಂದೆವು. ಅದೂ ಅರ್ಧ ಗಂಟೆಯ ದಾರಿಯೇ. ಆ ಸಲ ನಮ್ಮ ಮನೆಯವರೂ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದರು.

ಹಿರಿಯ ಓದುಗರೇ, ಮಕ್ಕಳ ಮನೆಯಲ್ಲಿ ಕೂತು ದಿನ ಎಣಿಸುತ್ತಿದ್ದರೆ ಒಂದು ದಿನದ ಮಟ್ಟಿಗಾದರೂ ಒಂದು ರೈಲು ಹತ್ತಿ ನೋಡಿ. ಮೊದಲು ಬರುವ ರೈಲು ಬರೆದುಕೊಳ್ಳಿ. ದಟ್ಟಣೆ ಕಳೆದ ಮೇಲೆ ಹೊರಡಿ. ನೋಡುವ ಜಾಗ ಎರಡೋ ಮೂರೋ ಸಾಕು. ವಿಳಾಸದ ಚೀಟಿ, ಔಷಧ, ನೀರು ಮರೆಯಬೇಡಿ. ದಾರಿ ಕೇಳಲು ನಾಚಿಕೆ ಬೇಡ. ಮಕ್ಕಳೇ, ನಿಮ್ಮ ತಾತ ಅಜ್ಜಿಯರ ಜೊತೆ ಹೊರಡುವಾಗ ನೀವೂ ಈ ಕಟ್ಟಳೆಗಳನ್ನು ಮಾಡಿಕೊಳ್ಳಿ. ಬೆಂಗಳೂರಿನ ಮೆಟ್ರೊದಲ್ಲೂ, ಮೈಸೂರಿನ ಮೃಗಾಲಯದಲ್ಲೂ, ನಿಮ್ಮ ಊರಿನ ಜಾತ್ರೆಯಲ್ಲೂ ಅವು ನಡೆಯುತ್ತವೆ.

ಬಿನ್ನಿಪೇಟೆಗೆ ಮರಳಿದ ಮೇಲೂ ಆ ಚೀಟಿ ನನ್ನ ಜೇಬಿನಲ್ಲೇ ಇದೆ. ಭಾನುವಾರ ಫೋನ್ ಮಾಡಿದಾಗ ಪುಟ್ಟಿ ಕನ್ನಡದಲ್ಲೇ ಕೇಳುತ್ತಾಳೆ, “ತಾತ, ಮುಂದಿನ ಸಲ ಯಾವ ಊರು?” ನಾನು ಇಲ್ಲಿ ಹಾಳೆಗೆ ಗೆರೆ ಹಾಕಿಟ್ಟಿದ್ದೇನೆ. ಡಿಸೆಂಬರ್‌ನಲ್ಲಿ ಅವಳು ಇಲ್ಲಿಗೆ ಬರುತ್ತಾಳೆ. ಬೆಳಿಗ್ಗೆ ಹೊರಟು, ಮದ್ದೂರಿನಲ್ಲಿ ವಡೆ ತಿಂದು, ಆನೆ, ಜಿರಾಫೆ ಎರಡನ್ನೂ ಕೈ ಹಿಡಿದುಕೊಂಡು ನೋಡಿ, ರಾತ್ರಿ ಮನೆಗೆ ಬರುವುದು. ಬರುವ ರೈಲನ್ನು ಆಗಲೇ ಬರೆದಾಗಿದೆ.